ಹನ್ನೆರಡು ಕೊಯ್ತಾ

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಇಪ್ಪತ್ತು ವರ್ಷದ ಮೇಲಾಯಿತು. ಈ ವಿಷಯವನ್ನು ಇಷ್ಟಪಟ್ಟು ತೆಗೆದುಕೊಂಡವರನ್ನು ಬೆರಳಲ್ಲಿ ಎಣಿಸಬಹುದು. ಬೇರೆ ಕಡೆ ಸೀಟು ಸಿಗದೆ ಉಳಿದವರೇ ನನ್ನ ಪಾಲಿಗೆ ಬರುತ್ತಾರೆ. ನಾನು ಹೇಳಿಕೊಟ್ಟದ್ದರಲ್ಲಿ ಮುಕ್ಕಾಲು ಪಾಲನ್ನು ಪರೀಕ್ಷೆಯ ಮರುದಿನವೇ ಮರೆಯುತ್ತಾರೆ. ಅದರ ಬಗ್ಗೆ ನನಗೆ ಬೇಸರವಿಲ್ಲ. ನಾನು ಕಲಿತ ರಸಾಯನಶಾಸ್ತ್ರವೂ ಎಲ್ಲಿ ಹೋಯಿತೋ ಗೊತ್ತಿಲ್ಲ.

ಮರೆಯದವನು ಒಬ್ಬನಿದ್ದ. ಅವನು ಈಗ ಕೃಷ್ಣೆಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಕಟಾವಿನ ಉಸ್ತುವಾರಿ ನೋಡುವ ಅಧಿಕಾರಿ. ಕೆಲವು ವರ್ಷಗಳ ಹಿಂದೆ, ಫೆಬ್ರುವರಿಯ ಒಂದು ಮಧ್ಯಾಹ್ನ ಸ್ಟಾಫ್ ರೂಮಿಗೆ ಬಂದ. ಕುಳಿತುಕೋ ಎಂದರೂ ಕೂರಲಿಲ್ಲ. ನಿಂತುಕೊಂಡೇ ಲ್ಯಾಪ್‌ಟಾಪ್ ತೆರೆದ.

“ಮೇಡಮ್, ನನ್ನ ಕೈಯಾಗ ಆರು ಟೋಳಿ ಅದಾವ್ರಿ. ಮುಂದಿನ ವರ್ಷ ಕಡಿಯೋ ಮಷಿನ್ ಬರತೈತಿ, ಐದು ಟೋಳಿ ಸಾಕು ಅಂತ ಮ್ಯಾಲಿನವರು ಹೇಳ್ಯಾರ. ಯಾವದನ್ನ ಬಿಡಬೇಕಂತ ಒಬ್ಬೊಬ್ಬರು ಒಂದೊಂದು ಹೇಳಾಕತ್ತಾರ. ಬಾಯಿಮಾತಿನ ಮ್ಯಾಲ ಬಿಡಾಕ ನನಗ ಮನಸಿಲ್ರಿ. ನೀವು ಕಲಿಸಿದ್ರಲ್ಲ, ಟೂ-ವೇ ಅನೋವಾ, ಅದನ್ನ ಮಾಡಿಕೊಡ್ರಿ.”

ಟೋಳಿ ಎಂದರೆ ಕಬ್ಬು ಕಡಿಯುವವರ ಗುಂಪು. ಟೋಳಿಗೊಬ್ಬ ಮುಕಾದಮ, ಅಂದರೆ ಮುಂದಾಳು. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್. ಇಷ್ಟು ನನಗೂ ಗೊತ್ತಿತ್ತು. ನಾನು ಹುಟ್ಟಿದ್ದು ನಿಪ್ಪಾಣಿಯ ತಂಬಾಕು ವ್ಯಾಪಾರದ ಜೈನ ಮನೆಯಲ್ಲಿ. ತಂಬಾಕಿನ ಎಲೆಯನ್ನು ಮೂಗಿಗೆ ಹಿಡಿದು ದರ್ಜೆ ಹೇಳಬಲ್ಲೆ, ಆದರೆ ಕಬ್ಬಿನ ಹೊಲದಲ್ಲಿ ಕಾಲಿಟ್ಟವಳಲ್ಲ. ನನ್ನ ಮಟ್ಟಿಗೆ ಕಬ್ಬು ಎಂದರೆ ಚಳಿಗಾಲವಿಡೀ ಅಂಕಲಿ ರಸ್ತೆಯಲ್ಲಿ ನನ್ನ ಬಸ್ಸಿನ ಮುಂದೆ, ಹಾಡು ಜೋರಾಗಿ ಹಾಕಿಕೊಂಡು, ದಾರಿ ಬಿಡದೆ ಹೋಗುವ ಟ್ರ್ಯಾಕ್ಟರ್. ಅದರ ಹಿಂದೆ ಕೂತು ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಆದರೂ ಅವನ ಅಂಕಿಗಳನ್ನು ನೋಡಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಪುಸ್ತಕದ ಉದಾಹರಣೆಗಳನ್ನೇ ಅರೆದಿದ್ದೆ. ಯಾವುದೋ ದೇಶದ ಯಾವುದೋ ಗೊಬ್ಬರ, ಯಾವುದೋ ಇಲಿಯ ತೂಕ. ಇಲ್ಲಿ ತಾರೀಖು, ಟೋಳಿಯ ನಂಬರು, ಕಬ್ಬಿನ ಜಾತಿ, ಕೊಯ್ತಾ ಎಷ್ಟು, ಎಷ್ಟು ಟನ್ ಕಡಿದರು ಎಂಬುದೆಲ್ಲ ಚೊಕ್ಕವಾಗಿ ಕೂತಿತ್ತು. ಹೊಲದಲ್ಲಿ ಹೊಸದಾಗಿ ನೆಟ್ಟು ಬೆಳೆದ ಕಬ್ಬು ಒಂದು ಬಗೆ, ಕಡಿದ ಬುಡದಿಂದಲೇ ಮತ್ತೆ ಚಿಗುರಿ ಬಂದ ಕುಳೆ ಕಬ್ಬು ಇನ್ನೊಂದು ಬಗೆ. ನೆಟ್ಟದ್ದು ದಪ್ಪ, ತೂಕ ಜಾಸ್ತಿ. ಕುಳೆ ಸಣ್ಣ, ಹಗುರ. ಆರೂ ಟೋಳಿಗಳು ಎರಡೂ ಬಗೆಯ ಕಬ್ಬನ್ನು ಹತ್ತು ಹತ್ತು ದಿನ ಕಡಿದ ಲೆಕ್ಕ ಅವನಲ್ಲಿತ್ತು. ಯಾವ ಸಂಶೋಧಕನೂ ಹೊಟ್ಟೆಕಿಚ್ಚು ಪಡಬೇಕು, ಅಷ್ಟು ಸಮತೂಕದ ಮಾಹಿತಿ.

ಕೊಯ್ತಾ ಎಂದರೆ ಕಬ್ಬು ಕಡಿಯುವ ಬಾಗಿದ ಕತ್ತಿ. ಹನ್ನೆರಡು ಕೊಯ್ತಾ ಅಂದರೆ ಹನ್ನೆರಡು ಆಳು ಎಂದುಕೊಂಡೆ. ಕೇಳಲಿಲ್ಲ. ಆರೂ ಟೋಳಿಗಳ ಎದುರು ಹನ್ನೆರಡು ಎಂದೇ ಬರೆದಿತ್ತು. ಟನ್ನುಗಳನ್ನು ಹನ್ನೆರಡರಿಂದ ಭಾಗಿಸಿದೆ, ಕೆಲಸಕ್ಕೆ ಕೂತೆ.

ಈ ಅನೋವಾ ಏನು ಎಂದು ನಾನು ತರಗತಿಯಲ್ಲಿ ಹೇಳುವ ರೀತಿ ಬೇರೆ. ಒಂದು ಮನೆಯಲ್ಲಿ ಇಬ್ಬರು ಸೊಸೆಯಂದಿರು. ಹಿರಿಯವಳು ಜೋಳದ ರೊಟ್ಟಿ ಬಡಿಯುವುದರಲ್ಲಿ ಎತ್ತಿದ ಕೈ, ಚಪಾತಿ ಮಾತ್ರ ಚಪ್ಪಲಿ. ಕಿರಿಯವಳದು ಅದರ ಉಲ್ಟಾ. ಅಡುಗೆ ಚೆನ್ನಾಗಿ ಆಗಿದ್ದಕ್ಕೆ ಸೊಸೆ ಕಾರಣವೋ, ಹಿಟ್ಟು ಕಾರಣವೋ, ಎರಡನ್ನೂ ಒಟ್ಟಿಗೇ ಬಿಡಿಸಿ ನೋಡುವುದು ಟೂ-ವೇ ಅನೋವಾ. ಅದು ಮೂರನೆಯದೊಂದನ್ನೂ ಹೇಳುತ್ತದೆ: ಯಾವ ಸೊಸೆಗೆ ಯಾವ ಹಿಟ್ಟು ಒಗ್ಗುತ್ತದೆ ಎಂದು. ಪುಸ್ತಕದಲ್ಲಿ ಅದರ ಹೆಸರು ಅಂತರ್ಕ್ರಿಯೆ. ಅದು ಎದ್ದು ಕಂಡರೆ ಯಾವ ಸೊಸೆ ಒಳ್ಳೆಯವಳು ಎಂದು ಕೇಳುವುದೇ ಮೂರ್ಖತನ. ಅತ್ತೆಯಂದಿರು ಮಾತ್ರ ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಒಬ್ಬಳನ್ನು ಬೈಯುತ್ತಾರೆ. ಹುಡುಗಿಯರು ಇಲ್ಲಿ ನಗುತ್ತಾರೆ. ಅತ್ತೆಯಂತೆ ಸರಾಸರಿ ತೆಗೆಯಬೇಡಿ ಎಂದು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.

ಆ ಸಂಜೆ ಕಂಪ್ಯೂಟರ್ ಮೂರು ಉತ್ತರ ಕೊಟ್ಟಿತು. ಟೋಳಿ ಟೋಳಿಗೆ ವ್ಯತ್ಯಾಸ ಇದೆ. ಕಬ್ಬು ಕಬ್ಬಿಗೆ ವ್ಯತ್ಯಾಸ ಇದೆ. ಅಂತರ್ಕ್ರಿಯೆಯೂ ಇದೆ. ಚಿತ್ರ ಬಿಡಿಸಿ ನೋಡಿದೆ. ನೆಟ್ಟ ಕಬ್ಬಿನಿಂದ ಕುಳೆಯ ಕಡೆಗೆ ಎಲ್ಲರ ಟನ್ನೂ ಇಳಿಯಬೇಕು, ಐದು ಗೆರೆಗಳು ಹಾಗೇ ಒಟ್ಟಿಗೆ ಇಳಿದಿದ್ದವು. ಐದನೇ ನಂಬರಿನ ಟೋಳಿಯ ಗೆರೆ ಮಾತ್ರ ಹೆಚ್ಚುಕಡಿಮೆ ಅಡ್ಡ ಮಲಗಿತ್ತು. ನೆಟ್ಟ ಕಬ್ಬಿನಲ್ಲಿ ಅದು ಎಲ್ಲರಿಗಿಂತ ಬಹಳ ಕೆಳಗೆ. ಕುಳೆಯಲ್ಲಿ ಎಲ್ಲರ ಜೊತೆಗೆ.

ನೋಡಿದೆ. ನೋಡಿಯೂ ಶಿಷ್ಯ ಕೇಳಿದ್ದನ್ನೇ ಬರೆದುಕೊಟ್ಟೆ. ಅವನಿಗೆ ಒಂದರಿಂದ ಆರರವರೆಗೆ ಪಟ್ಟಿ ಬೇಕಿತ್ತು. ಎರಡನ್ನೂ ಕೂಡಿಸಿ ಸರಾಸರಿ ತೆಗೆದು ಪಟ್ಟಿ ಮಾಡಿದೆ. ಐದನೇ ಟೋಳಿ ಕೊನೆಗೆ ಬಂತು. ಅಂತರ್ಕ್ರಿಯೆ ಇದೆ, ಗಮನಿಸುವುದು ಎಂದು ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಹಾಕಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಎರಡು ದಿನ ಬಿಟ್ಟು ಅವನ ಫೋನು ಬಂತು. ದನಿ ಹಗುರವಾಗಿತ್ತು.

“ಐದನೇ ಟೋಳಿ ಬಿಡೂದಂತ ಆತ್ರಿ ಮೇಡಮ್. ಪಾಲಬಾವಿ ಕಡೇದು. ಅದರ ಮುಕಾದಮ ಒಬ್ಬ ಹೆಣ್ಣಮಗಳು. ಗಂಡ ಸತ್ತ ಮ್ಯಾಲ ತಾನ ನಡಸಾಕತ್ಯಾಳ. ಹೆಂಗಸಿನ ಕೈಲೆ ಟೋಳಿ ನಡೀತೈತೇನು ಅಂತ ಆಫೀಸಿನಾಗ ಮೊದಲಿಂದ ಅಂತಿದ್ರು. ನಾನ ಒಪ್ಪಿದ್ದಿಲ್ಲ. ಈಗ ನಿಮ್ಮ ಅನೋವಾನೂ ಅದನ್ನ ಹೇಳ್ತು.”

ನನ್ನ ಅನೋವಾ ಅದನ್ನು ಹೇಳಿರಲಿಲ್ಲ. ಸಿಟ್ಟು ಬಂತು, ಅವನ ಮೇಲಲ್ಲ. ಹೆಂಗಸಿನ ಕೈಲಿ ಆಗುವುದಿಲ್ಲ ಎಂಬ ಮಾತನ್ನು ಕೇಳುತ್ತಲೇ ಈ ಕುರ್ಚಿಗೆ ಬಂದವಳು ನಾನು. ಆ ಮಾತಿಗೆ ನಾನೇ ಸಹಿ ಹಾಕಿಕೊಟ್ಟ ಹಾಗಾಗಿತ್ತು.

“ಪಟ್ಟಿ ಇನ್ನೂ ಮ್ಯಾಲ ಕಳಸಬ್ಯಾಡ. ನಾ ಒಮ್ಮೆ ಆ ಟೋಳಿ ಕೆಲಸ ನೋಡಬೇಕು” ಅಂದೆ.

“ನೀವಾ? ಕಬ್ಬಿನ ಹೊಲದಾಗಾ?” ಅವನು ನಕ್ಕ. ಆಮೇಲೆ, “ರವಿವಾರ ಬರ್ತೀನ್ರಿ, ತಯಾರ ಇರ್ರಿ” ಅಂದ.

ರವಿವಾರ ಬೆಳಿಗ್ಗೆ ಅಂಕಲಿ ದಾಟಿ, ಹೊಳೆ ದಾಟಿ, ಶಿರಗುಪ್ಪಿಯ ಹೊರಗೆ ಒಂದು ಹೊಲದ ಬದುವಿನಲ್ಲಿ ಅವನ ಜೀಪು ನಿಂತಿತು. ಇಳಿಯುವಷ್ಟರಲ್ಲಿ ಅವನ ಫೋನು ರಿಂಗಾಯಿತು. ಎಲ್ಲೋ ದಾರಿಯಲ್ಲಿ ಒಂದು ಟ್ರೇಲರ್ ಮಗ್ಗುಲಾಗಿ ಕಬ್ಬೆಲ್ಲ ರಸ್ತೆಗೆ ಬಿದ್ದಿತ್ತಂತೆ. ಎರಡು ತಾಸಿನಲ್ಲಿ ಬರುತ್ತೇನೆ ಎಂದು ನನ್ನನ್ನು ಅಲ್ಲೇ ಬಿಟ್ಟು ಹೋದ. ಅವನು ಹೋದದ್ದು ಒಳ್ಳೆಯದೇ ಆಯಿತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಹೊಲದಲ್ಲಿ ದಪ್ಪ ಕಬ್ಬು, ನೆಟ್ಟದ್ದು. ಗಂಡಸರು ಬುಡಕ್ಕೆ ಕತ್ತಿ ಹಾಕಿ ಕಡಿದು, ರವದಿ, ಅಂದರೆ ಒಣಗಿದ ಗರಿ, ಸವರಿ ಒಗೆಯುತ್ತಿದ್ದರು. ಅವರ ಹಿಂದೆ ಹೆಂಗಸರು ಅದನ್ನು ಕೂಡಿಸಿ, ಕಬ್ಬಿನ ಗರಿಯಿಂದಲೇ ಹೊರೆ ಕಟ್ಟುತ್ತಿದ್ದರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟಾವೆಲ್. ಟ್ರೇಲರಿಗೆ ಒಂದು ಹಲಗೆ ಒರಗಿಸಿತ್ತು. ಒಬ್ಬರು ಹೊರೆ ಎತ್ತಿಕೊಡಬೇಕು, ಇನ್ನೊಬ್ಬರು ಅದನ್ನು ತಲೆಯ ಮೇಲೆ ಹೊತ್ತು ಹಲಗೆ ಏರಬೇಕು. ನಾನು ಬದುವಿನ ಮೇಲೆ ನಿಂತು ಎಣಿಸತೊಡಗಿದೆ. ಎಣಿಸುವುದು ನನ್ನ ಚಾಳಿ. ಮದುವೆಗೆ ಹೋದರೂ ಪಂಕ್ತಿ ಎಣಿಸುತ್ತೇನೆ.

ಇಪ್ಪತ್ತೊಂದು ಜನ ಇದ್ದರು. ನನ್ನ ಕಾಗದದಲ್ಲಿ ಹನ್ನೆರಡು ಇತ್ತು.

ಒಬ್ಬ ಹೆಂಗಸು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ಬಂದಳು. ಐವತ್ತರ ಆಸುಪಾಸು. ಮುಕಾದಮ ಅವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಅವಳು ನಡೆದು ಬರುವ ರೀತಿಯಲ್ಲೇ ಇತ್ತು.

“ಬರ್ರಿ ಅಕ್ಕಾರ. ಕಾರಖಾನಿಯವರೇನ್ರಿ?”

“ಅಲ್ಲ. ಕಾಲೇಜಿನಾಗ ಲೆಕ್ಕ ಕಲಸ್ತೀನಿ. ನಿಮ್ಮ ಟೋಳಿ ಲೆಕ್ಕಾ ನಾನ ಮಾಡೇನಿ.” ನಾನು ಕಾಗದ ತೋರಿಸಿದೆ. “ಇದರಾಗ ಹನ್ನೆರಡು ಅಂತ ಐತಿ. ಇಲ್ಲಿ ಇಷ್ಟು ಮಂದಿ ಹೆಂಗ?”

ಅವಳು ಟಾವೆಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಲೆಕ್ಕಾ ಮಾಡಿದಾಕಿ ನೀವು, ಕೊಯ್ತಾ ಅಂದ್ರ ಗೊತ್ತಿಲ್ಲೇನ್ರಿ? ಕೊಯ್ತಾ ಅಂದ್ರ ಜೋಡಿ. ಗಂಡ ಹೇಂತಿ ಕೂಡಿ ಒಂದು ಕೊಯ್ತಾ. ಗಂಡ ಕಡದ, ಹೇಂತಿ ಕಟ್ಟಿದ್ಲು. ಸಣ್ಣ ಹುಡುಗ್ರಿಗೂ ಗೊತ್ತೈತಿ.”

ಕಬ್ಬಿನ ಈ ಸೀಮೆಯಲ್ಲಿ ಹುಟ್ಟಿ ಬೆಳೆದೂ ಅದು ನನಗೆ ಗೊತ್ತಿರಲಿಲ್ಲ. ಮೈಯೆಲ್ಲ ನಾಚಿಕೆಯಾಯಿತು. ನಗೆಯನ್ನು ತಿರುಗಿಸಬೇಕೆಂದು, ಯೋಚನೆ ಮಾಡದೆ ಕೇಳಿಬಿಟ್ಟೆ. “ಹಂಗಾರ ಹನ್ನೆರಡು ಕೊಯ್ತಾಕ್ಕ ಇಪ್ಪತ್ತನಾಲ್ಕು ಮಂದಿ ಆಗಬೇಕಲ್ಲ. ನಾ ಇಪ್ಪತ್ತೊಂದು ಎಣಿಸೇನಿ.”

ಅವಳ ನಗೆ ನಿಂತಿತು. ಜೀಪು ಹೋದ ದಾರಿಯನ್ನೊಮ್ಮೆ ನೋಡಿದಳು. ಆಮೇಲೆ ನನ್ನನ್ನು ಕಬ್ಬಿನ ನೆರಳಿಗೆ ಕರೆದುಕೊಂಡು ಹೋಗಿ, ಕೊಡದಿಂದ ತಂಬಿಗೆಯಲ್ಲಿ ನೀರು ಕೊಟ್ಟಳು.

ಅವಳು ಹೇಳಿದ್ದು ಇಷ್ಟು. ಟೋಳಿಯಲ್ಲಿ ಒಂಬತ್ತು ಜೋಡಿ. ಉಳಿದ ಮೂವರು ಒಂಟಿ ಹೆಂಗಸರು. ಒಬ್ಬಳು ಅವಳೇ. ಇನ್ನೊಬ್ಬಳ ಗಂಡ ಹಾವು ಕಡಿದು ಸತ್ತಿದ್ದ. ಮೂರನೆಯವಳ ಗಂಡ ಬಿಟ್ಟು ಹೋಗಿದ್ದ, ಎಲ್ಲಿದ್ದಾನೆ ಎಂದು ಯಾರಿಗೂ ತಿಳಿಯದು. ಮೂವರನ್ನೂ ಅವಳು ಕಾರ್ಖಾನೆಯ ಪಟ್ಟಿಯಲ್ಲಿ ಪೂರ್ತಿ ಕೊಯ್ತಾ ಎಂದು ಬರೆಸಿದ್ದಳು. ದುಡಿದದ್ದು ಹಂಚಿಕೊಳ್ಳುವಾಗಲೂ ಹನ್ನೆರಡೇ ಪಾಲು.

“ಜೋಡಿಯವರು ಒಪ್ಪತಾರೇನು? ಅವರ ಪಾಲು ಕಮ್ಮಿ ಆಗತೈತಲ್ಲ.”

“ಒಪ್ಪದವರು ಹೋಗ್ಯಾರ್ರಿ. ಇದ್ದವರು ಒಪ್ಪೇ ಅದಾರ.”

“ಅರ್ಧ ಅಂತ ಬರಸಿದ್ರ ಏನಾಗತಿತ್ತು?”

“ಬ್ಯಾರೆ ಟೋಳ್ಯಾಗ ಒಂಟಿ ಹೆಂಗಸಿನ್ನ ಅರ್ಧ ಕೊಯ್ತಾ ಅಂತ ಬರಕೋತಾರ್ರಿ. ಪಾಲು ಅರ್ಧ, ಕೆಲಸ ಪೂರಾ. ಇಲ್ಲಾಂದ್ರ ಯಾವನರೆ ಒಂಟಿ ಗಂಡಸಿನ್ನ ತಂದು, ಇವನ ಜೋಡಿ ಕಡಿ ಅಂತ ಹಚ್ಚತಾರ. ಹಗಲಿ ಹೊಲದಾಗ ಜೋಡಿ. ಹೊತ್ತು ಮುಣಗಿದ ಮ್ಯಾಲ ಅವಗ ಯಾರು ಹೇಳಬೇಕ್ರಿ ಜೋಡಿ ಅಲ್ಲ ಅಂತ?” ಅವಳು ನೆಲ ನೋಡುತ್ತ ರವದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಗಂಡ ಬಿಟ್ಟು ಹೋದ ಆ ಸಣ್ಣಾಕಿ ಹಂಗ ಒಬ್ಬನ ಜೋಡಿ ಒಂದು ವರ್ಷ ಬಾಳೇವು ಮಾಡಿ ಬಂದಾಳ್ರಿ. ನಾ ಕರಕೊಂಡ ಬಂದೇನಿ.”

ಸಣ್ಣವಳನ್ನು ನೋಡಿದೆ. ಒಬ್ಬಳೇ ಕಡಿಯುತ್ತಿದ್ದಳು, ಕತ್ತಿ ಇಟ್ಟು ತಾನೇ ಹೊರೆ ಕಟ್ಟುತ್ತಿದ್ದಳು, ಆಮೇಲೆ ಎತ್ತಿಕೊಡಲು ಯಾರಾದರೂ ಬರಲಿ ಎಂದು ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಆ ಕಾಯುವುದರಲ್ಲೇ ನನ್ನ ಅಂತರ್ಕ್ರಿಯೆ ಇತ್ತು. ದಪ್ಪ ಕಬ್ಬಿನ ಹೊರೆ ಒಬ್ಬರಿಂದ ಎತ್ತಲಾಗದು. ಕುಳೆಯ ಹೊರೆ ಹಗುರ, ಒಬ್ಬಳೇ ಕಡಿದು, ಕಟ್ಟಿ, ತಲೆಗೇರಿಸಿಕೊಳ್ಳಬಹುದು. ಹಾಗಾಗಿ ನೆಟ್ಟ ಕಬ್ಬಿನಲ್ಲಿ ಈ ಟೋಳಿ ಹಿಂದೆ ಬೀಳುತ್ತಿತ್ತು. ಕುಳೆಯಲ್ಲಿ ಇಪ್ಪತ್ತೊಂದು ಜನ ಬೇರೆಯವರ ಇಪ್ಪತ್ತನಾಲ್ಕು ಜನಕ್ಕೆ ಸಮನಾಗಿ ನಿಲ್ಲುತ್ತಿದ್ದರು. ನನ್ನ ಶಿಷ್ಯನಿಗೆ ಕೊಯ್ತಾ ಎಂದರೆ ಜೋಡಿ ಎಂದು ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಆ ಜೋಡಿಯಲ್ಲಿ ಇಬ್ಬರೂ ಇದ್ದಾರೆಯೇ ಎಂದು ಎಣಿಸಲು ಅವನು ಯಾವತ್ತೂ ಹೋಗಿರಲಿಲ್ಲ. ನನಗೆ ಗೊತ್ತಿರಲಿಲ್ಲವಾದ್ದರಿಂದ ಎಣಿಸಿದೆ.

ನನಗೆ ಹುರುಪು ಬಂತು. “ನೀವೇನೂ ಚಿಂತಿ ಮಾಡಬ್ಯಾಡ್ರಿ. ತಪ್ಪು ನಂದು. ಕೊಯ್ತಾ ಬಿಟ್ಟು ಮಂದಿ ಲೆಕ್ಕಾ ಹಿಡದು ಭಾಗಿಸಿದ್ರ ನಿಮ್ಮ ಟೋಳಿ ಮ್ಯಾಲ ಬರತೈತಿ. ನಾ ತಿದ್ದಿ ಕಳಸ್ತೀನಿ. ಇಲ್ಲಾಂದ್ರ ಮುಂದಿನ ವರ್ಷ ನಿಮ್ಮನ್ನ ಕರಿಯೂದಿಲ್ಲ.”

ಕರೆಯುವುದಿಲ್ಲ ಎಂಬುದು ಅವಳಿಗೆ ಆಗಲೇ ಮುಟ್ಟಿತ್ತು. ತಿದ್ದುತ್ತೇನೆ ಎಂಬ ಮಾತಿಗೆ ಮಾತ್ರ ಅವಳ ಮುಖ ಇಳಿಯಿತು.

“ಬ್ಯಾಡ್ರಿ ಅಕ್ಕಾರ. ಮಂದಿ ಲೆಕ್ಕಾ ತಗೀಬ್ಯಾಡ್ರಿ. ಒಂದು ಟ್ರ್ಯಾಕ್ಟರಿಗೆ ಹನ್ನೆರಡು ಕೊಯ್ತಾ ಆಗಬೇಕಂತ ಕಾಯ್ದೆ ಐತಿ. ನಾವು ಹತ್ತೂವರಿ ಅಂತ ಗೊತ್ತಾದ್ರ ಟ್ರ್ಯಾಕ್ಟರ್ ಕೊಡೂದಿಲ್ಲ. ಟೋಳಿ ಮುರದು, ನಮ್ಮನ್ನ ಅಲ್ಲೊಬ್ರು ಇಲ್ಲೊಬ್ರು ಹಾಕತಾರ. ಜೋಡಿಯವರು ಹೆಂಗರೆ ಬದಕತಾರ್ರಿ. ಈ ಮೂರು ಮಂದಿ ಎಲ್ಲಿಗೆ ಹೋಗಬೇಕು?”

“ಮತ್ತ ನಾ ಏನ ಮಾಡ್ಲಿ?”

“ನೀವು ಕಲತವರು. ನನಗ ಕೇಳ್ತೀರಲ್ರಿ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಕತ್ತಿ ತೆಗೆದುಕೊಂಡು ಕೆಲಸಕ್ಕೆ ಹೋದಳು. ಹೋಗುವಾಗ ಸಣ್ಣವಳ ಹೊರೆ ಎತ್ತಿಕೊಟ್ಟಳು. ಶಿಷ್ಯ ಬಂದು ಹಾರ್ನ್ ಹೊಡೆದಾಗ ನಾನಿನ್ನೂ ಬದುವಿನ ಮೇಲೇ ಕೂತಿದ್ದೆ. ಏನು ನೋಡಿದಿರಿ ಎಂದು ಕೇಳಿದ್ದಕ್ಕೆ, ಬಿಸಿಲು ಬಹಳ ಎಂದೆ.

ನಮ್ಮದು ಹೊತ್ತು ಮುಳುಗುವ ಮೊದಲು ಉಣ್ಣುವ ಮನೆ. ಊಟ ಮುಗಿಸಿ, ಇನ್ನೂ ಬೆಳಕಿರುವಾಗಲೇ ಕಂಪ್ಯೂಟರ್ ಮುಂದೆ ಕೂತೆ. ಐದನೇ ಟೋಳಿಗೆ ಇಪ್ಪತ್ತೊಂದು, ಉಳಿದವಕ್ಕೆಲ್ಲ ಇಪ್ಪತ್ತನಾಲ್ಕು ಎಂದು ಹಾಕಿ ಭಾಗಿಸಿದೆ. ಕೊನೆಯಲ್ಲಿದ್ದ ಟೋಳಿ ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಕುಳೆಯಲ್ಲಂತೂ ಅದರ ಮೇಲೆ ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ತೆಗೆದ ಅತ್ಯಂತ ಸರಿಯಾದ ಉತ್ತರ ಅದು. ಯಾರಿಗೂ ತೋರಿಸುವ ಹಾಗಿರಲಿಲ್ಲ.

ಒಂದು ವಾರ ಹಾಗೇ ಕಳೆಯಿತು. ತಪ್ಪು ಲೆಕ್ಕ ಕೊಟ್ಟರೆ ಟೋಳಿಯನ್ನು ಮನೆಗೆ ಕಳಿಸುತ್ತಾರೆ. ಸರಿಯಾದ ಲೆಕ್ಕ ಕೊಟ್ಟರೆ ಟೋಳಿಯನ್ನು ಒಡೆಯುತ್ತಾರೆ. ಅತ್ತ ದರಿ ಇತ್ತ ಪುಲಿ ಎಂಬುದನ್ನು ಶಾಲೆಯಲ್ಲಿ ವಾಕ್ಯದಲ್ಲಿ ಪ್ರಯೋಗಿಸಿದ್ದೆ, ಬದುಕಿನಲ್ಲಿ ಆಗ ಮೊದಲ ಸಲ ಬಂತು. ತರಗತಿಯಲ್ಲಿ ಹುಡುಗರ ಮೇಲೆ ಕಾರಣವಿಲ್ಲದೆ ರೇಗಿದೆ. ಮಾಹಿತಿಗೆ ಮೋಸ ಮಾಡಬೇಡಿ ಎಂದು ಹೇಳುತ್ತಿದ್ದಾಗ ನನ್ನ ದನಿ ನನಗೇ ಹಿತವಾಗಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ನಾನು ಸಣ್ಣ ಅಕ್ಷರದಲ್ಲಿ ಅಡಿಗೆ ತಳ್ಳಿದ್ದ ಆ ಸಾಲಿನಲ್ಲೇ. ಅಂತರ್ಕ್ರಿಯೆ ಇದ್ದಾಗ ಒಂದೇ ಪಟ್ಟಿ ಮಾಡುವುದು ತಪ್ಪು. ಅದನ್ನು ಮೊದಲೇ ಹೇಳಬೇಕಿತ್ತು. ಕೊಯ್ತಾ ಲೆಕ್ಕವನ್ನು ಮುಟ್ಟಲಿಲ್ಲ. ಒಂದು ಪಟ್ಟಿಯ ಬದಲು ಎರಡು ಮಾಡಿದೆ, ನೆಟ್ಟ ಕಬ್ಬಿಗೊಂದು, ಕುಳೆಗೊಂದು. ಕುಳೆಯಲ್ಲಿ ಐದನೇ ಟೋಳಿ ಯಾರಿಗೂ ಕಡಿಮೆಯಿಲ್ಲ, ಅದಕ್ಕೆ ಕುಳೆಯ ಹೊಲಗಳನ್ನೇ ಕೊಡಿ, ಬರುವ ಮಷಿನ್ ನೆಟ್ಟ ಕಬ್ಬಿನ ಹೊಲದಲ್ಲಿ ಓಡಲಿ ಎಂದು ಬರೆದೆ. ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಶಿಷ್ಯ ಬಂದು ಓದಿದ. ಈ ಸಲ ಕುರ್ಚಿಯಲ್ಲಿ ಕೂತ. ಅವನಿಗೆ ಹಿಡಿಸಿತು, ಮುಖದಲ್ಲಿ ಕಾಣುತ್ತಿತ್ತು. ಚಿತ್ರದಲ್ಲಿನ ಅಡ್ಡ ಗೆರೆಯ ಮೇಲೆ ಬೆರಳಿಟ್ಟ.

“ಇದು ಯಾಕ ಹಿಂಗ ಮೇಡಮ್? ನೆಟ್ಟ ಕಬ್ಬಿನಾಗ ಇವರಿಗೆ ಏನಾಗತೈತಿ?”

ಹಾಗೆ ಕೇಳಬೇಕೆಂದು ಅವನಿಗೆ ಕಲಿಸಿದವಳು ನಾನೇ. ಗೆರೆ ನೋಡಿ ಸುಮ್ಮನಾಗುವವನು ಗುಮಾಸ್ತ, ಯಾಕೆ ಎಂದು ಕೇಳುವವನು ಸಂಖ್ಯಾಶಾಸ್ತ್ರಜ್ಞ ಎಂದು ಮೂರು ವರ್ಷ ಅವನ ಕಿವಿಗೆ ತುಂಬಿದ್ದೆ. ಅಷ್ಟು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಅದು ಹತ್ತಿತ್ತು.

“ಗೊತ್ತಿಲ್ಲಪಾ” ಅಂದೆ. “ಅಂಕಿ ಇಷ್ಟ ಹೇಳತಾವ.”

“ನೀವು ಹೊಲಕ್ಕ ಹೋಗಿದ್ರಲ್ರಿ. ಏನೂ ಕಾಣಲಿಲ್ಲೇನ್ರಿ?”

“ನನಗ ಕಬ್ಬಿಂದ ಏನ ತಿಳೀತೈತೋ? ತಂಬಾಕಿನ ಮನಿಯಾಕಿ ನಾ.”

ಅವನು ನಂಬಿದ ಎಂದು ಹೇಳಲಾರೆ. ಕಾಗದ ಮಡಚಿ, ಆತ್ರಿ ಎಂದು ಎದ್ದು ಹೋದ. ಅವನ ಮುಂದೆ ದಡ್ಡಿಯಾಗಿ ಕಾಣಿಸಿಕೊಂಡದ್ದು ನನಗೆ ನೋವಾಯಿತು. ಅಷ್ಟು ಸಣ್ಣ ಸಂಗತಿಗೆ ನೋವಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಐದನೇ ಟೋಳಿ ಉಳಿಯಿತು. ಆದರೆ ಆರರಲ್ಲಿ ಐದೇ ಬೇಕು ಎಂಬುದು ಬದಲಾಗಿರಲಿಲ್ಲ. ನೆಟ್ಟ ಕಬ್ಬಿನ ಪಟ್ಟಿಯಲ್ಲಿ ಐದನೆಯದನ್ನು ಬಿಟ್ಟರೆ ಕೆಳಗಿದ್ದದ್ದು ಎರಡನೇ ನಂಬರಿನ ಟೋಳಿ, ತನ್ನ ಮೇಲಿನದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಅಷ್ಟು ಅಂತರವನ್ನು ಅಂತರ ಎಂದು ಹೇಳಲಾಗದು ಎಂದು ನಾನು ಬರೆದಿದ್ದೆ, ಈ ಸಲ ದಪ್ಪ ಅಕ್ಷರದಲ್ಲೇ. ಯಾರನ್ನಾದರೂ ಬಿಡಲೇಬೇಕಾದಾಗ ಕೂದಲೆಳೆಯೂ ಸಾಕಾಗುತ್ತದೆ. ಅದನ್ನು ಬಿಟ್ಟರು. ಆ ಟೋಳಿ ಅಥಣಿಯ ಕಡೆಯದು ಎಂದಷ್ಟೇ ಗೊತ್ತು. ಅದರ ಹೊಲಕ್ಕೆ ನಾನು ಹೋಗಿರಲಿಲ್ಲ, ಅಲ್ಲಿ ಯಾರನ್ನೂ ಎಣಿಸಿರಲಿಲ್ಲ. ಇಪ್ಪತ್ತನಾಲ್ಕು ಇರಬೇಕು ಎಂದು ಹಾಕಿಕೊಂಡಿದ್ದೆ.

ದೀಪಾವಳಿ ಕಳೆದು, ಮತ್ತೆ ನನ್ನ ಬಸ್ಸಿನ ಮುಂದೆ ಟ್ರ್ಯಾಕ್ಟರುಗಳು ಬರತೊಡಗಿದವು. ಒಂದು ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನು. ಹಿಂದೆ ಕಬ್ಬು ಕಡಿಯುವ ಸಪ್ಪಳ.

“ಅಕ್ಕಾರ, ನಾನ್ರಿ, ಪಾಲಬಾವಿ ಮುಕಾದಮ. ನಿಮ್ಮ ನಂಬರು ಸಾಹೇಬರ ಕಡೆ ಇಸಗೊಂಡೇನಿ. ಕುಳೆ ಕಬ್ಬ ಕೊಟ್ಟಾರ್ರಿ ನಮಗ. ಚಾಲೂ ಆಗೇತಿ.”

ಒಳ್ಳೆಯದಾಯಿತು ಎಂದೆ. ಸಣ್ಣವಳು ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿದ್ದಾಳೆ ಅಂದಳು.

“ಒಂದು ಕೇಳಬೇಕಾಗಿತ್ರಿ. ಈ ಸಲ ಹದಿಮೂರು ಕೊಯ್ತಾ ಆಗೇವಿ. ಆ ಎರಡನೇ ಟೋಳಿ ಮುರೀತಲ್ರಿ, ಅದರಾಗಿನಾಕಿ ಒಬ್ಬಾಕಿ ಬಂದಾಳ. ಗಂಡ ಇಲ್ಲ. ಅಲ್ಲಿ ಆ ಮುಕಾದಮನೂ ಇಕೀನ್ನ ಪೂರಾ ಕೊಯ್ತಾ ಅಂತ ಬರಸಿದ್ದನಂತ. ಟೋಳಿ ಹೋದ ಮ್ಯಾಲ ಬ್ಯಾರೆ ಟೋಳಿಯವರೆಲ್ಲಾ ಅರ್ಧ ಕೊಯ್ತಾ ಆದ್ರ ಬಾ ಅಂದಾರ. ನಾ ಪೂರಾ ಬರಸೇನಿ.”

ಇಪ್ಪತ್ತಮೂರು. ಆ ಟೋಳಿಯಲ್ಲಿ ಇದ್ದದ್ದು ಇಪ್ಪತ್ತಮೂರು ಜನ. ಇಪ್ಪತ್ತನಾಲ್ಕರ ಬದಲು ಅದರಿಂದ ಭಾಗಿಸಿದ್ದರೆ ಆ ಕೂದಲೆಳೆ ದಾಟಿ ಟೋಳಿ ಮೇಲೆ ಬರುತ್ತಿತ್ತು. ಕಾಗದ ಬೇಕಾಗಲಿಲ್ಲ, ಬಾಯಿಲೆಕ್ಕದಲ್ಲೇ ಮುಗಿಯಿತು.

“ಅಕ್ಕಾರ? ಅದೀರೇನ್ರಿ?”

“ಅದೀನಿ.”

“ಮುಂದ ನೀವ ಲೆಕ್ಕಾ ಮಾಡವರು ಅಂತ ಸಾಹೇಬರು ಅಂದ್ರು. ಅದಕ್ಕ ಕೇಳ್ತೀನ್ರಿ. ಇಕಿ ನಿಮ್ಮ ಲೆಕ್ಕದಾಗ ಕುಂದ್ರತಾಳೇನ್ರಿ?”

ಹದಿಮೂರು ಕೊಯ್ತಾ, ಇಪ್ಪತ್ತೆರಡು ಜನ. ಹದಿಮೂರರಿಂದ ಭಾಗಿಸಿದರೆ ಈಗ ಕುಳೆಯಲ್ಲೂ ಆ ಗೆರೆ ಕೆಳಗೆ ಬರುತ್ತದೆ. ಯಾಕೆ ಎಂದು ಕೇಳುವವನು ಆಫೀಸಿನಲ್ಲೇ ಕೂತಿದ್ದಾನೆ.

“ಕುಂದ್ರತಾಳ” ಅಂದೆ.